ಪೀಪಾಯಿಯ ನಂಟು

ನನ್ನ ಅಣ್ಣನ ಮಗ ಅಮೆರಿಕದ ಕೆಂಟಕಿಯಲ್ಲಿದ್ದಾನೆ. ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿದ್ದಾನೆ. ಹೆಣ್ಣು ಕೊಟ್ಟ ಮಾವ ಆ ಸೀಮೆಯ ಹಳೆಯ ಬೇಸಾಯಗಾರರು. ಸಂಜೆ ಜಗಲಿಯ ಮೇಲೆ ಕುಳಿತು ತಮ್ಮೂರಿನ ಬರ್ಬನ್ ವಿಸ್ಕಿಯನ್ನು ಎರಡು ಬೆರಳಿನಷ್ಟು ಕುಡಿದು ಏಳುವುದು ಅವರ ನಲವತ್ತು ವರ್ಷಗಳ ಪದ್ಧತಿ. ಹೋದ ಕ್ರಿಸ್‌ಮಸ್ ಹಬ್ಬಕ್ಕೆ ಅಳಿಯ ಮಹಾಶಯ ತನ್ನ ಸಂಬಳದ ಒಂದಂಶವನ್ನೇ ಸುರಿದು ಅವರಿಗೊಂದು ಸ್ಕಾಚ್ ಸೀಸೆ ತಂದುಕೊಟ್ಟ. ಮಾವ ಬಿರಡೆ ತೆಗೆದು ಮೂಸಿದರು, ಒಂದು ಗುಟುಕು ಕುಡಿದರು. ಆಮೇಲೆ ಬಹಳ ಮರ್ಯಾದೆಯಿಂದಲೇ, "ಇದು ಕುಡಿಯುವುದೋ, ಕುದುರೆಯ ಗೊರಸಿಗೆ ಹಚ್ಚುವುದೋ?" ಎಂದು ಕೇಳಿದರಂತೆ. ಮನೆಯವರೆಲ್ಲ ನಕ್ಕರು. ಅಳಿಯನೂ ನಕ್ಕ. ಆದರೆ ಆ ರಾತ್ರಿ ನನಗೆ ಫೋನ್ ಮಾಡಿದಾಗ ಅವನ ದನಿಯಲ್ಲಿ ನಗುವಿರಲಿಲ್ಲ. "ಚಿಕ್ಕಪ್ಪ, ನೀವು ಚರಿತ್ರೆ ಓದಿದವರು. ಬರ್ಬನ್ ಕುಡಿದು ಬೆಳೆದ ನಾಲಗೆಗೆ ಹಿಡಿಸುವ ಸ್ಕಾಚ್ ಯಾವುದಾದರೂ ಉಂಟೇ? ಬೇಸಿಗೆಗೆ ಅವರ ಎಪ್ಪತ್ತನೆಯ ಹುಟ್ಟುಹಬ್ಬ. ಇನ್ನೊಮ್ಮೆ ನಗೆಪಾಟಲಾಗುವುದು ನನಗೆ ಬೇಡ" ಎಂದ.

ಚರಿತ್ರೆ ಓದಿದವನನ್ನು ಇಂಥ ಪ್ರಶ್ನೆ ಕೇಳುವುದು ಪಂಚಾಂಗ ಹೇಳುವವರನ್ನು ಬಸ್ಸಿನ ವೇಳೆ ಕೇಳಿದಂತೆ ಎಂದು ಮೊದಲು ನನಗನ್ನಿಸಿತು. ನಾನು ಕಾಫಿಯ ಭಕ್ತ. ವಿಸ್ಕಿಯ ರುಚಿಯನ್ನು ಜೀವಮಾನದಲ್ಲಿ ಮೂರು ನಾಲ್ಕು ಸಲ ನೋಡಿರಬಹುದು. ಆದರೂ ಹುಡುಗನ ಮೇಲಿನ ಮರುಕದಿಂದ ಪುಸ್ತಕಗಳನ್ನು ತೆಗೆದು ಕುಳಿತೆ. ನಾಲ್ಕಾರು ದಿನ ಓದಿದ ಮೇಲೆ ತಿಳಿಯಿತು, ಅವನು ಸರಿಯಾದ ಬಾಗಿಲನ್ನೇ ತಟ್ಟಿದ್ದ. ಇದು ಚರಿತ್ರೆಯ ಪ್ರಶ್ನೆಯೇ. ಅದರ ಉತ್ತರವೂ ಅಲ್ಲಿಯೇ ಇದೆ.

ಕನ್ನಡದಲ್ಲಿ ನಾವು ಎರಡನ್ನೂ ವಿಸ್ಕಿ ಎಂದೇ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಅಮೆರಿಕದವರು ಹೆಚ್ಚಾಗಿ ಆ ಮಾತಿಗೆ 'ಇ' ಎಂಬ ಅಕ್ಷರವೊಂದನ್ನು ಸೇರಿಸುತ್ತಾರೆ, ಸ್ಕಾಟ್ಲೆಂಡಿನವರು ಬಿಡುತ್ತಾರೆ. ಆ ಒಂದು ಅಕ್ಷರಕ್ಕಾಗಿ ಅಭಿಮಾನಿಗಳು ಎಷ್ಟೋ ವಾದ ಮಾಡಿದ್ದಾರೆ. ನಮ್ಮ ಲಿಪಿ ಆ ವಾದಕ್ಕೆ ಕಿವಿಗೊಡುವುದಿಲ್ಲ. ಚರಿತ್ರೆಯನ್ನು ನೋಡಿದರೆ ನಮ್ಮ ಲಿಪಿಯೇ ಸರಿ ಎನಿಸುತ್ತದೆ.

ಮೂಲ ಹೆಸರು ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಗೇಲಿಕ್ ಭಾಷೆಯದು. ಅದರ ಅರ್ಥ ಜೀವಜಲ. ೧೪೯೪ರಲ್ಲಿ ಸ್ಕಾಟ್ಲೆಂಡಿನ ರಾಜಬೊಕ್ಕಸದ ಲೆಕ್ಕದಲ್ಲಿ, ಜಾನ್ ಕಾರ್ ಎಂಬ ಸಂನ್ಯಾಸಿಗೆ ಜೀವಜಲ ಇಳಿಸುವುದಕ್ಕಾಗಿ ಎಂಟು 'ಬೋಲ್' ಅಳತೆಯ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಕೊಟ್ಟ ಬಗ್ಗೆ ಒಂದು ಸಾಲು ಇದೆ. ಸ್ಕಾಚ್ ವಿಸ್ಕಿಯ ಚರಿತ್ರೆ ಬರೆಯುವವರೆಲ್ಲ ಇಲ್ಲಿಂದಲೇ ಆರಂಭಿಸುತ್ತಾರೆ.

ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದಲೂ ಉತ್ತರ ಐರ್ಲೆಂಡಿನಿಂದಲೂ ಜನ ಗುಂಪುಗುಂಪಾಗಿ ಅಮೆರಿಕಕ್ಕೆ ಹೋಗಿ ನೆಲೆಸಿದರು. ಹೋಗುವಾಗ ಭಟ್ಟಿ ಇಳಿಸುವ ವಿದ್ಯೆಯನ್ನೂ ಜೊತೆಗೆ ಒಯ್ದರು. ಅಲ್ಲಿ ಬಾರ್ಲಿಗಿಂತ ರೈ ಧಾನ್ಯ ಚೆನ್ನಾಗಿ ಬೆಳೆಯಿತು. ಕೆಂಟಕಿಯ ಕಡೆಗೆ ಹೋದವರಿಗೆ ಮುಸುಕಿನ ಜೋಳ ಒಲಿಯಿತು. ನೆಲ ಕೊಟ್ಟ ಕಾಳನ್ನೇ ಭಟ್ಟಿಗೆ ಹಾಕಿದರು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಹೊಲಮನೆಯಲ್ಲಿಯೇ ೧೭೯೭ರಲ್ಲಿ ರೈ ವಿಸ್ಕಿಯ ಭಟ್ಟಿ ಆರಂಭವಾಯಿತು. ೧೭೯೯ರಲ್ಲಿ ಅಲ್ಲಿ ಸುಮಾರು ೧೧,೦೦೦ ಗ್ಯಾಲನ್ ಇಳಿಯಿತು. ಭಟ್ಟಿ ಹಾಕೋಣವೆಂದು ಅವರಿಗೆ ಸಲಹೆ ಕೊಟ್ಟ ಪಾರುಪತ್ಯಗಾರ ಜೇಮ್ಸ್ ಆಂಡರ್‌ಸನ್ ಸ್ಕಾಟ್ಲೆಂಡಿನವನು!

ಕೆಂಟಕಿಯ ಕಥೆಯೂ ಬೇರೆಯಲ್ಲ. ಅಲ್ಲಿಯ ಬರ್ಬನ್ನಿಗೆ ಶಾಸ್ತ್ರದ ಕಟ್ಟು ಹಾಕಿದವರಲ್ಲಿ ಮೊದಲಿಗನೆಂದು ಹೆಸರಾದವನು ಡಾಕ್ಟರ್ ಜೇಮ್ಸ್ ಕ್ರೋ. ಹಿಂದಿನ ಭಟ್ಟಿಯಲ್ಲಿ ಉಳಿದ ಹುಳಿಗಂಜಿಯಲ್ಲಿ ಒಂದಿಷ್ಟನ್ನು ಮುಂದಿನ ಹುದುಗಿಗೆ ಬೆರೆಸುವ ಪದ್ಧತಿಯನ್ನು, ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಅಳತೆಯ ಲೆಕ್ಕಕ್ಕೆ ಒಳಪಡಿಸಿದವನು ಅವನು. ಪ್ರತಿ ಸಲವೂ ಒಂದೇ ರುಚಿ ಬರಬೇಕೆಂಬುದು ಅವನ ಹಟ. ಅವನೂ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನೇ. ಹೀಗೆ ನಮ್ಮ ಬೀಗರು ಜಗಲಿಯಲ್ಲಿ ಕುಳಿತು ಕುಡಿಯುವ ಬರ್ಬನ್ ಸ್ಕಾಚಿನ ಶತ್ರುವಲ್ಲ. ಸಾಗರ ದಾಟಿ ಹೋಗಿ ಬೇರೆ ಮನೆ ಮಾಡಿದ ದಾಯಾದಿ.

ಬೇರೆಯಾದ ಮೇಲೆ ಆಚಾರಗಳು ಬೇರೆಯಾಗುವುದು ಸಹಜ. ಬರ್ಬನ್ ಎನಿಸಿಕೊಳ್ಳಲು ಕಾಳಿನಲ್ಲಿ ನೂರಕ್ಕೆ ೫೧ ಪಾಲಾದರೂ ಮುಸುಕಿನ ಜೋಳವಿರಬೇಕು. ಅದಕ್ಕಿಂತ ದೊಡ್ಡ ಕಟ್ಟಳೆ ಪೀಪಾಯಿಯದು. ಒಳಮೈಯನ್ನು ಬೆಂಕಿಯಿಂದ ಸುಟ್ಟು ಕರಿಕು ಮಾಡಿದ ಹೊಚ್ಚ ಹೊಸ ಓಕ್ ಮರದ ಪಾತ್ರೆಯಲ್ಲಿಯೇ ಬರ್ಬನ್ನನ್ನು ಇಡಬೇಕು. ಸುಟ್ಟ ಓಕ್ ಮರದಿಂದ ವೆನಿಲಾದ ಕಂಪು, ಹುರಿದ ಸಕ್ಕರೆಯ ಸಿಹಿ ಮತ್ತು ಜೇನಿನಂಥ ಕೆಂಪು ಬಣ್ಣ ಮದ್ಯಕ್ಕೆ ಇಳಿಯುತ್ತವೆ. ಕೆಂಟಕಿಯ ಸೆಕೆಯಲ್ಲಿ ನಾಲ್ಕೈದು ವರ್ಷಕ್ಕೆಲ್ಲ ಅದು ಮಾಗುತ್ತದೆ. ಅಮೆರಿಕದವರ ನಾಲಗೆ ಕಲಿತಿರುವ ಪಾಠ ಇದು: ಸಿಹಿ, ವೆನಿಲಾ, ಮರದ ಘಾಟು.

ಸ್ಕಾಟ್ಲೆಂಡಿನ ಮಾಲ್ಟ್ ವಿಸ್ಕಿಗೆ ಬಾರ್ಲಿಯೊಂದೇ ಧಾನ್ಯ. ಓಕ್ ಪೀಪಾಯಿಯಲ್ಲಿ ಕಡಮೆಯೆಂದರೆ ಮೂರು ವರ್ಷ ಇಡಲೇಬೇಕೆಂಬ ನಿಯಮ ಅಲ್ಲಿಯೂ ಇದೆ. ಆದರೆ ಪೀಪಾಯಿ ಹೊಸದಾಗಿರಬೇಕಿಲ್ಲ. ಹಳೆಯ ಮರ ನಿಧಾನವಾಗಿ ಕೊಡುತ್ತದೆ, ಸ್ವಲ್ಪ ಸ್ವಲ್ಪವಾಗಿ ಕೊಡುತ್ತದೆ. ಹವೆಯೂ ತಂಪು. ಆದ್ದರಿಂದ ಹತ್ತು ಹನ್ನೆರಡು ವರ್ಷ ಕಾಯುವುದು ಅಲ್ಲಿ ಸಾಮಾನ್ಯ.

ಹಾಗಾದರೆ ಗೊರಸಿನ ಔಷಧದ ವಾಸನೆ ಎಲ್ಲಿಂದ ಬಂತು? ಅದು ಪೀಟ್ ಹೊಗೆಯ ಕರಾಮತ್ತು. ಪೀಟ್ ಎಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಒತ್ತಾಗಿ ಕೂತ ಸಸ್ಯಗಳ ಹೆಂಟೆ. ಕತ್ತರಿಸಿ ಒಣಗಿಸಿದರೆ ನಮ್ಮ ಬೆರಣಿಯ ಹಾಗೆ ಉರಿಯುತ್ತದೆ. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸಲು ಹಿಂದೆ ಬೇರೆ ಸೌದೆಯಿಲ್ಲದ ಕಡೆ ಇದನ್ನೇ ಉರಿಸುತ್ತಿದ್ದರು. ಹೊಗೆ ಕಾಳಿಗೆ ಹತ್ತುತ್ತಿತ್ತು, ಕಾಳಿನಿಂದ ಮದ್ಯಕ್ಕೆ ಬರುತ್ತಿತ್ತು. ಪಶ್ಚಿಮ ಕಡಲಿನ ಐಲಾ ದ್ವೀಪದಲ್ಲಿ ಮರವೂ ಕಡಮೆ, ಕಲ್ಲಿದ್ದಲೂ ಇಲ್ಲ; ಪೀಟ್ ಮಾತ್ರ ಬೇಕಾದಷ್ಟು. ಈಶಾನ್ಯದ ಸ್ಪೇ ನದಿಯ ಕಣಿವೆಗಾದರೋ ೧೮೬೩ರಲ್ಲಿ ರೈಲು ಬಂತು. ರೈಲಿನ ಜೊತೆಯಲ್ಲಿ ಕಲ್ಲಿದ್ದಲು ಬಂತು. ಪೀಟ್ ಹೊಗೆ ಹಿಂದೆ ಸರಿಯಿತು. ಇಂದು ಒಂದು ಸ್ಕಾಚ್ ಸೀಸೆ ಆಸ್ಪತ್ರೆಯ ವಾಸನೆ ಹೊಡೆಯುವುದಕ್ಕೂ, ಇನ್ನೊಂದು ಸೇಬು ಜೇನುಗಳ ಕಂಪು ಬೀರುವುದಕ್ಕೂ ಇರುವ ಕಾರಣಗಳಲ್ಲಿ ಆ ರೈಲುದಾರಿಯೂ ಒಂದು.

ನನ್ನ ಅಣ್ಣನ ಮಗ ಮಾವನಿಗೆ ಕೊಟ್ಟದ್ದು ಐಲಾ ದ್ವೀಪದ ಸೀಸೆ. ಅಂಗಡಿಯವನು "ನಮ್ಮಲ್ಲಿರುವುದರಲ್ಲಿ ಬಲು ಶ್ರೇಷ್ಠ" ಎಂದನಂತೆ. ಶ್ರೇಷ್ಠವೇ ಇರಬಹುದು. ಸಂಗೀತ ಕೇಳದವನಿಗೆ ಮೊದಲ ದಿನವೇ ರಾಗ ತಾನ ಪಲ್ಲವಿ ಕೇಳಿಸಿದರೆ ತಪ್ಪು ಪಲ್ಲವಿಯದಲ್ಲ, ಕೇಳುವವನದೂ ಅಲ್ಲ.

ಕೌತುಕದ ಸಂಗತಿಯೆಂದರೆ, ಈ ಹುಡುಗನ ಕಷ್ಟ ನೂರೈವತ್ತು ವರ್ಷಗಳಿಂದ ಸ್ಕಾಟ್ಲೆಂಡಿನ ವ್ಯಾಪಾರಿಗಳ ಕಷ್ಟವೇ ಆಗಿತ್ತು. ಅವರ ಮಾಲ್ಟ್ ಹೊರಗಿನವರಿಗೆ ಬಲು ಗಡುಸು. ೧೮೩೦ರಲ್ಲಿ ಈನಿಯಸ್ ಕಾಫಿ ಎಂಬವನು ಎಡೆಬಿಡದೆ ಭಟ್ಟಿ ಇಳಿಸುವ ಹೊಸ ಯಂತ್ರಕ್ಕೆ ಹಕ್ಕು ಪಡೆದ. ಅವನು ಮೊದಲು ಅಬಕಾರಿ ಅಧಿಕಾರಿಯಾಗಿದ್ದನೆಂಬುದು ವಿಧಿಯ ವಿನೋದ. ಆ ಯಂತ್ರದಲ್ಲಿ ಬೇರೆ ಧಾನ್ಯಗಳಿಂದ ಹಗುರವಾದ ವಿಸ್ಕಿ ಅಗ್ಗವಾಗಿ ಇಳಿಯಿತು. ೧೮೫೩ರ ಹೊತ್ತಿಗೆ ಎಡಿನ್‌ಬರೊ ನಗರದ ಆಂಡ್ರ್ಯೂ ಅಷರ್ ಬೇರೆ ಬೇರೆ ಪೀಪಾಯಿಗಳ ಮಾಲ್ಟನ್ನು ಕೂಡಿಸಿ ಮಾರತೊಡಗಿದ. ಸುಂಕ ಕಟ್ಟುವ ಮುನ್ನವೇ ಉಗ್ರಾಣದಲ್ಲಿ ಮಾಲ್ಟಿಗೆ ಧಾನ್ಯದ ವಿಸ್ಕಿಯನ್ನು ಬೆರೆಸಲು ೧೮೬೦ರ ಕಾನೂನು ದಾರಿ ಮಾಡಿತು. ನಮ್ಮ ಕಾಫಿಪುಡಿ ಅಂಗಡಿಯವರು ಪೀಬೆರಿಗೆ ಪ್ಲಾಂಟೇಷನ್ ಕೂಡಿಸಿ, ಗಿರಾಕಿಯ ಇಷ್ಟದಂತೆ ಚಿಕೋರಿ ಬೆರೆಸಿ ಹದ ಮಾಡುವುದಿಲ್ಲವೇ? ಅದೇ ವಿದ್ಯೆ. ಚಿಕೋರಿಯ ಜಗಳವೂ ಅಲ್ಲಿ ಆಯಿತು: ಧಾನ್ಯದ ವಿಸ್ಕಿ ನಿಜವಾದ ವಿಸ್ಕಿಯೇ ಎಂಬ ವಿವಾದ ರಾಜನೇಮಿತ ಆಯೋಗದವರೆಗೂ ಹೋಗಿ, ೧೯೦೯ರಲ್ಲಿ, ಹೌದು, ಅದೂ ವಿಸ್ಕಿಯೇ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಒಂದು ಹುಳು ಹಾಳುಮಾಡಿ ಬ್ರಾಂದಿಗೆ ಬರ ತಂದಿತ್ತು. ಬರಿದಾದ ಲೋಟಗಳಿಗೆ ಬೆರಕೆ ಸ್ಕಾಚ್ ಬಂದು ಇಳಿಯಿತು.

ಅಮೆರಿಕವನ್ನು ಹೊಗುವುದು ಮಾತ್ರ ಸುಲಭವಾಗಲಿಲ್ಲ. ೧೮೯೧ರಲ್ಲಿ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ, ಅವರೂ ಹುಟ್ಟಿನಿಂದ ಸ್ಕಾಟ್ಲೆಂಡಿನವರೇ, ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ನರಿಗೆ ಡ್ಯೂಅರ್ ಕಂಪೆನಿಯ ಸ್ಕಾಚ್ ಪೀಪಾಯಿಯೊಂದನ್ನು ಕಾಣಿಕೆಯಾಗಿ ಕಳುಹಿಸಿದರು. ಸ್ವದೇಶದ ವಿಸ್ಕಿಯಿರುವಾಗ ಅಧ್ಯಕ್ಷರ ಮನೆಗೆ ಪರದೇಶದ್ದು ಏಕೆಂದು ಆಕ್ಷೇಪಗಳು ಬಂದವು. ಆ ಆಕ್ಷೇಪವೇ ಸ್ಕಾಚಿಗೆ ಒಳ್ಳೆಯ ಜಾಹೀರಾತಾಯಿತು.

ಕೊನೆಗೆ ಬಾಗಿಲು ತೆರೆದದ್ದು, ಆಶ್ಚರ್ಯವೆಂದರೆ, ಬಾಗಿಲು ಮುಚ್ಚಿದಾಗ. ೧೯೨೦ರಿಂದ ೧೯೩೩ರವರೆಗೆ ಅಮೆರಿಕದಲ್ಲಿ ಪಾನನಿರೋಧ ಜಾರಿಯಲ್ಲಿತ್ತು. ಕೆಂಟಕಿಯ ಭಟ್ಟಿಗಳು ತಣ್ಣಗಾದವು; ವೈದ್ಯರ ಚೀಟಿಗೆ ಕೊಡುವಷ್ಟು ಮಾತ್ರ ಉಳಿಯಿತು. ಸ್ಕಾಟ್ಲೆಂಡಿನ ಮಾಲು ಬಹಾಮಾ ದ್ವೀಪಗಳಿಗೆ ನ್ಯಾಯವಾಗಿಯೇ ಹೋಗಿ, ಅಲ್ಲಿಂದ ರಾತ್ರಿಯ ಹಡಗುಗಳಲ್ಲಿ ಅಮೆರಿಕದ ದಡ ಸೇರುತ್ತಿತ್ತು. ಆ ಕಾಲದಲ್ಲಿಯೇ, ೧೯೨೩ರಲ್ಲಿ, ಲಂಡನ್ನಿನ ಹಳೆಯ ದ್ರಾಕ್ಷಾರಸದ ವ್ಯಾಪಾರಿಗಳಾದ ಬೆರಿ ಸಹೋದರರ ಅಂಗಡಿ ಒಂದು ಹೊಸ ಬೆರಕೆಯನ್ನು ಹೊರತಂದಿತು. ಬಣ್ಣ ತೆಳು, ರುಚಿ ಹಗುರ, ಹೊಗೆ ಇಲ್ಲವೆನ್ನುವಷ್ಟು ಕಡಮೆ. ಚಿತ್ರಕಾರ ಜೇಮ್ಸ್ ಮೆಕ್‌ಬೇ ಅದಕ್ಕೆ ಹಾಯಿಹಡಗೊಂದರ ಹೆಸರನ್ನು ಸೂಚಿಸಿದ: ಕಟ್ಟಿ ಸಾರ್ಕ್. ಜೆ ಅಂಡ್ ಬಿ ಎಂಬ ಮತ್ತೊಂದು ತೆಳುಬಣ್ಣದ ಬೆರಕೆಯೂ ಇದೇ ಅಮೆರಿಕದ ನಾಲಗೆಯನ್ನು ಗುರಿಯಿಟ್ಟು ಹೊರಟಿತು. ಪಾನನಿರೋಧ ಮುಗಿದಾಗ ಕೆಂಟಕಿಯವರ ಬಳಿ ಮಾಗಿದ ಸರಕು ಸಾಕಷ್ಟಿರಲಿಲ್ಲ, ಸ್ಕಾಟ್ಲೆಂಡಿನವರ ಉಗ್ರಾಣದಲ್ಲಿ ಇತ್ತು. ನಮ್ಮ ಬೀಗರ ತಂದೆಯ ತಲೆಮಾರಿಗೆ ಸ್ಕಾಚ್ ಪರಿಚಯವಾದದ್ದು ಹೀಗೆ, ತನ್ನ ಹೊಗೆಯನ್ನು ಬಚ್ಚಿಟ್ಟುಕೊಂಡು.

ಇಷ್ಟಾದರೆ ಕಥೆ ವ್ಯಾಪಾರದ ಜಾಣತನದಲ್ಲಿ ಮುಗಿಯುತ್ತಿತ್ತು. ಆದರೆ ಆಮೇಲೆ ಯಾರೂ ಯೋಜಿಸದ ಒಂದು ನಂಟು ಬೆಳೆಯಿತು. ಪಾನನಿರೋಧ ಮುಗಿದ ಮೇಲೆ, ೧೯೩೦ರ ದಶಕದಲ್ಲಿ, ಅಮೆರಿಕದ ಸರ್ಕಾರ ಬರ್ಬನ್ನಿಗೆ ಹೊಸ ಸುಟ್ಟ ಪೀಪಾಯಿಯೇ ಬೇಕೆಂದು ನಿಯಮ ಮಾಡಿತು. ಪೀಪಾಯಿ ಕಟ್ಟುವ ಕಸಬಿನವರ, ಮರದ ವ್ಯಾಪಾರಿಗಳ ಹಿತವೂ ಇದರ ಹಿಂದೆ ಇತ್ತೆಂದು ಹೇಳುತ್ತಾರೆ. ಕಾರಣವೇನೇ ಇರಲಿ, ಒಮ್ಮೆ ಬಳಸಿದ ಪೀಪಾಯಿ ಬರ್ಬನ್ನಿಗೆ ಮತ್ತೆ ಬಾರದು. ಸುಮಾರು ೨೦೦ ಲೀಟರ್ ಹಿಡಿಯುವ ಒಳ್ಳೆಯ ಓಕ್ ಪಾತ್ರೆ, ನಾಲ್ಕೈದು ವರ್ಷಕ್ಕೆ ನಿವೃತ್ತಿ! ಏನು ಮಾಡುವುದು? ಸ್ಕಾಟ್ಲೆಂಡಿನವರಿಗೆ ಬೇಕಾದದ್ದು ಅದೇ. ಅವರು ಅಲ್ಲಿಯವರೆಗೆ ಹೆಚ್ಚಾಗಿ ಸ್ಪೇನಿನಿಂದ ಷೆರಿ ದ್ರಾಕ್ಷಾರಸ ಹೊತ್ತು ಬರುತ್ತಿದ್ದ ಪೀಪಾಯಿಗಳನ್ನು ನೆಚ್ಚಿದ್ದರು. ಕಾಲಕ್ರಮದಲ್ಲಿ ಆ ಸರಬರಾಜು ಕುಗ್ಗಿತು. ಅಮೆರಿಕದ ಪೀಪಾಯಿಗಳು, ಕೆಲವು ಇಡಿಯಾಗಿ, ಕೆಲವು ಬಿಚ್ಚಿ ಕಂತೆ ಕಟ್ಟಿದ ಹಲಗೆಗಳಾಗಿ, ಹಡಗು ಹತ್ತಿದವು. ಇಂದು ಸ್ಕಾಟ್ಲೆಂಡಿನ ಉಗ್ರಾಣಗಳಲ್ಲಿ ಮಾಗುತ್ತಿರುವ ವಿಸ್ಕಿಯ ಬಹುಪಾಲು ಮಲಗಿರುವುದು ಒಂದು ಕಾಲಕ್ಕೆ ಬರ್ಬನ್ ಮಲಗಿದ್ದ ಹಾಸಿಗೆಯ ಮೇಲೆ.

ಅಲ್ಲಿಗೆ ನನ್ನ ಉತ್ತರ ಸಿಕ್ಕಿತು. ಬರ್ಬನ್ ಕುಡಿಯುವವರಿಗೆ ಸ್ಕಾಚಿನ ಮನೆಗೆ ದಾರಿ ಬೆಲೆಯ ಮೂಲಕವೂ ಅಲ್ಲ, ವಯಸ್ಸಿನ ಮೂಲಕವೂ ಅಲ್ಲ, ಪೀಪಾಯಿಯ ಮೂಲಕ. ಹೊಗೆಯಿಲ್ಲದ, ಬರ್ಬನ್ ಪೀಪಾಯಿಯಲ್ಲಿ ಮಾಗಿದ ಮಾಲ್ಟನ್ನು ಮೊದಲು ಕೊಡಬೇಕು. ಅವರ ನಾಲಗೆ ಬಲ್ಲ ವೆನಿಲಾ ಅಲ್ಲಿ ಅವರನ್ನು ಎದುರುಗೊಳ್ಳುತ್ತದೆ, ಊರಿನವರು ಪರದೇಶದ ನಿಲ್ದಾಣದಲ್ಲಿ ಸಿಕ್ಕಂತೆ.

ಹುಡುಗನಿಗೆ ಒಂದು ಸಣ್ಣ ಕ್ರಮವನ್ನೇ ಬರೆದು ಕಳುಹಿಸಿದೆ. ಮೊದಲ ಮೆಟ್ಟಿಲಿಗೆ ಗ್ಲೆನ್‌ಮಾರಂಜಿ. ಅದರ ಭಟ್ಟಿಪಾತ್ರೆಗಳ ಕತ್ತು ಜಿರಾಫೆಯಷ್ಟು ಎತ್ತರ. ಹಗುರವಾದ ಆವಿ ಮಾತ್ರ ಮೇಲೇರಿ ಬರುವುದರಿಂದ ರುಚಿ ನಯ. ಅದರ ಮೂಲ ಬಗೆ ಮಾಗುವುದು ಬರ್ಬನ್ ಪೀಪಾಯಿಯಲ್ಲಿ. ಇಲ್ಲವೇ ಡೀನ್‌ಸ್ಟನ್ನಿನ ಹನ್ನೆರಡು ವರ್ಷದ್ದು. ಹದಿನೆಂಟನೆಯ ಶತಮಾನದ ನೂಲಿನ ಗಿರಣಿಯೊಂದು ೧೯೬೦ರ ದಶಕದಲ್ಲಿ ಮುಚ್ಚಿ ಭಟ್ಟಿಯಾಗಿ ಮಾರ್ಪಟ್ಟ ಜಾಗ ಅದು. ಅದರ ಬಲ ನೂರಕ್ಕೆ ೪೬.೩. ಇದೂ ಮುಖ್ಯ: ಬರ್ಬನ್ನಿನವರು ಕಟುವಾದ ಬಲಕ್ಕೆ ಒಗ್ಗಿದವರು, ೪೦ರ ಸ್ಕಾಚ್ ಅವರಿಗೆ ನೀರು ಹೆಚ್ಚಾದ ಮಜ್ಜಿಗೆಯಂತೆ ಕಂಡೀತು. ೧೮೨೩ರ ಕಾನೂನು ಬಂದ ಮರುವರ್ಷವೇ ಜಾರ್ಜ್ ಸ್ಮಿತ್ ತನ್ನ ಕಣಿವೆಯಲ್ಲಿ ಎಲ್ಲರಿಗಿಂತ ಮೊದಲು ಲೈಸೆನ್ಸ್ ತೆಗೆದು, ಕಳ್ಳಭಟ್ಟಿಯವರ ಕೋಪಕ್ಕೆ ಅಂಜಿ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡುತ್ತ ಬೆಳೆಸಿದ ಗ್ಲೆನ್‌ಲಿವೆಟ್, ೧೯೬೩ರಲ್ಲಿ ಬೆರಕೆಯಿಲ್ಲದ ಮಾಲ್ಟನ್ನು ಹೊರನಾಡುಗಳಿಗೆ ಧೈರ್ಯವಾಗಿ ಒಯ್ದ ಗ್ಲೆನ್‌ಫಿಡಿಕ್, ಇವೂ ಈ ಮೆಟ್ಟಿಲಿನವೇ.

ಅದು ಒಗ್ಗಿದ ಮೇಲೆ ಎರಡನೆಯ ಮೆಟ್ಟಿಲು: ಬಾಲ್ವೆನಿಯ ಡಬಲ್‌ವುಡ್. ೧೯೯೩ರಿಂದ ಈ ಹೆಸರಿನಲ್ಲಿ ಬರುತ್ತಿರುವ ಇದು ಮೊದಲು ಅಮೆರಿಕದ ಓಕ್‌ನಲ್ಲಿ, ಆಮೇಲೆ ಷೆರಿಯ ಪೀಪಾಯಿಯಲ್ಲಿ ಇದ್ದು ಬರುತ್ತದೆ. ತವರಿನ ಕಂಪಿನ ಮೇಲೆ ಒಣದ್ರಾಕ್ಷಿಯ ಹೊಸ ಕಂಪು. ಮೂರನೆಯದು ಹೊಗೆಯ ಮುನ್ನುಡಿ: ಜಾನಿ ವಾಕರ್ ಬ್ಲ್ಯಾಕ್ ಲೇಬಲ್ಲಿನಂಥ ಬೆರಕೆ, ಅಲ್ಲಿ ಹೊಗೆ ದೂರದ ಹೊಲದಲ್ಲಿ ಕಸ ಸುಟ್ಟಷ್ಟು ಮಾತ್ರ. ಐಲಾ ದ್ವೀಪ ಕೊನೆಗೆ, ಅವರಾಗಿಯೇ ಕೇಳಿದರೆ. ಮತ್ತೊಂದು ಮಾತನ್ನೂ ಬರೆದೆ: "ಯಾವುದು ಮೇಲು ಎಂಬ ಮಾತನ್ನೇ ಎತ್ತಬೇಡ. ಅತಿಥಿಯ ಊಟವನ್ನು ಹಳಿದು ನಮ್ಮ ಊಟ ಬಡಿಸಬಾರದು."

ಇದನ್ನೆಲ್ಲ ಬರೆಯುವಾಗ ನಮ್ಮ ಬೆಂಗಳೂರೂ ನೆನಪಾಗದಿರಲಿಲ್ಲ. ೧೯೪೮ರಲ್ಲಿ ಇಲ್ಲಿ ಆರಂಭವಾದ ಅಮೃತ್ ಸಂಸ್ಥೆ ೨೦೦೪ರಲ್ಲಿ ತನ್ನ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ! ಅಮೆರಿಕದ ಬರ್ಬನ್ ಪೀಪಾಯಿಗಳು ಇಲ್ಲಿಗೂ ಬರುತ್ತವೆ. ಪೀಪಾಯಿಯಿಂದ ಆವಿಯಾಗಿ ಹೋಗುವುದನ್ನು ಅವರು ದೇವತೆಗಳ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನ ದೇವತೆಗಳಿಗೆ ವರ್ಷಕ್ಕೆ ನೂರಕ್ಕೆ ಎರಡು ಪಾಲು ಸಾಕು. ಬೆಂಗಳೂರಿನವಕ್ಕೆ ಹತ್ತಕ್ಕೂ ಮಿಕ್ಕಿ ಬೇಕು. ಒಂದೇ ಮರ, ನೆಲ ಬದಲಾದರೆ ಕಥೆ ಬದಲಾಗುತ್ತದೆ.

ಹುಟ್ಟುಹಬ್ಬದ ಮರುದಿನ ಫೋನ್ ಬಂತು. ಹುಡುಗ ಡೀನ್‌ಸ್ಟನ್ನನ್ನೇ ಆರಿಸಿದ್ದ. ಮಾವ ಈ ಸಲ ಮೂಸುವುದಕ್ಕೆ ಮೊದಲೇ ಅನುಮಾನದಿಂದ ಅಳಿಯನ ಮುಖ ನೋಡಿದರಂತೆ. ಇವನು ಆಂಡರ್‌ಸನ್ ಕಥೆ, ಕ್ರೋ ಡಾಕ್ಟರರ ಕಥೆ, ಕೊನೆಗೆ ಪೀಪಾಯಿಯ ಕಥೆ ಹೇಳಿದ. ಮುದುಕರು ಒಂದು ಗುಟುಕು ಕುಡಿದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರಂತೆ: "ನನ್ನ ಅಪ್ಪ ಪೀಪಾಯಿ ಕಟ್ಟುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದ. ಖಾಲಿಯಾದ ಮೇಲೆ ಅವು ಎಲ್ಲಿಗೆ ಹೋಗುತ್ತವೆಂದು ನಾನು ಒಂದು ದಿನವೂ ಕೇಳಲಿಲ್ಲ."

ಮದುವೆಯಾದ ಮೇಲೆ ಮಾವ ತನ್ನ ತಂದೆಯ ವಿಷಯ ತನ್ನೊಡನೆ ಮಾತಾಡಿದ್ದು ಅದೇ ಮೊದಲು ಎಂದ ನನ್ನ ಅಣ್ಣನ ಮಗ. ಇಬ್ಬರೂ ಕತ್ತಲಾಗುವವರೆಗೆ ಜಗಲಿಯಲ್ಲಿ ಕುಳಿತಿದ್ದರಂತೆ.

ಐಲಾದ ಆ ಸೀಸೆ ಏನಾಯಿತು ಎಂದು ಕೇಳಿದೆ. ಅದು ಇನ್ನೂ ಬೀರುವಿನ ಮೇಲುಗಡೆಯೇ ಇದೆಯಂತೆ. "ಅದಕ್ಕೆ ಅವಸರವಿಲ್ಲ, ಚಿಕ್ಕಪ್ಪ" ಎಂದ.